ಹೊತ್ತು ತಂದ ಮಣ್ಣು: ವಾಲ್ಟೆಲ್ಲಿನಾ ಕಣಿವೆಯ ಕೆಂಪು ವೈನಿನ ಚರಿತ್ರೆ

ಇಟಲಿಯ ಭೂಪಟವನ್ನು ಮುಂದಿಟ್ಟುಕೊಳ್ಳಿ. ಮಿಲಾನ್ ನಗರದಿಂದ ಉತ್ತರಕ್ಕೆ ಬೆರಳು ಸರಿಸಿದರೆ ಕೋಮೊ ಸರೋವರ ಸಿಗುತ್ತದೆ. ಆ ಸರೋವರದ ಉತ್ತರ ತುದಿಯನ್ನು ಪೂರ್ವದಿಕ್ಕಿನಿಂದ ಬಂದು ಸೇರುವ ನದಿ ಅಡ್ಡಾ. ನದಿಯ ದಾರಿಯನ್ನೇ ಹಿಡಿದು ಮೇಲಕ್ಕೆ ನಡೆದರೆ ನೀವು ಉದ್ದನೆಯ ಒಂದು ಕಣಿವೆಯೊಳಗೆ ಇರುತ್ತೀರಿ. ಅದೇ ವಾಲ್ಟೆಲ್ಲಿನಾ. ನಿಮ್ಮ ಎಡಕ್ಕೆ ರೇಟಿಯನ್ ಆಲ್ಪ್ಸ್, ಅದರ ಆಚೆಗೆ ಸ್ವಿಟ್ಜರ್ಲೆಂಡ್. ಬಲಕ್ಕೆ ಓರೋಬಿ ಆಲ್ಪ್ಸ್. ನಡುವೆ ಸೊಂಡ್ರಿಯೊ ಎಂಬ ಜಿಲ್ಲಾ ಪಟ್ಟಣ. ಬಲಗಡೆಯ ಬೆಟ್ಟಗಳಲ್ಲಿ ಕಾಡು. ಎಡಗಡೆಯ ಬೆಟ್ಟಗಳಲ್ಲಿ, ಕಡಿದಾದ ಬಂಡೆಯ ಮೇಲೆ, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ಒಂದೇ ಕಣಿವೆಯ ಎರಡು ಪಕ್ಕಗಳು ಹೀಗೆ ಬೇರೆಬೇರೆಯಾಗಿರುವುದೇಕೆ ಎಂಬ ಪ್ರಶ್ನೆಯಿಂದ ಹೊರಡೋಣ.

ವೈನಿನ ವಿಚಾರವನ್ನು ವಿದ್ಯಾರ್ಥಿಗಳಿಗೆ ಹೇಳುವುದುಂಟೆ ಎಂದು ಹಿರಿಯರು ಹುಬ್ಬೇರಿಸಬಹುದು. ಗಾಬರಿ ಬೇಡ. ಕುಡಿಯುವವರ ವಿಚಾರ ನಮಗೆ ಬೇಕಿಲ್ಲ, ಬೆಳೆಯುವವರ ವಿಚಾರ ಸಾಕು. ಭೂವಿಜ್ಞಾನ, ಭೌತವಿಜ್ಞಾನ, ಗೇಣಿ ಒಪ್ಪಂದ, ರಾಜಕೀಯ ಗಡಿ ಇವೆಲ್ಲ ಒಂದೇ ಬೆಳೆಯಲ್ಲಿ ಇಷ್ಟು ಸ್ಪಷ್ಟವಾಗಿ ಕಾಣಸಿಗುವ ಸ್ಥಳಗಳು ಪ್ರಪಂಚದಲ್ಲಿ ಹೆಚ್ಚಿಲ್ಲ.

ಈ ಕಣಿವೆಯ ಮುಖ್ಯ ಕೆಂಪು ವೈನಿಗೆ ಇಟಲಿಯ ಕಾಯಿದೆ ಕೊಟ್ಟಿರುವ ಹೆಸರು 'ವಾಲ್ಟೆಲ್ಲಿನಾ ಸುಪೀರಿಯೊರೆ'. ಕಣಿವೆಯ ವೈನಿಗೆ 1968ರಲ್ಲಿ ಸರ್ಕಾರದ ಮಾನ್ಯತೆ ಬಂತು. 1998ರಲ್ಲಿ 'ಸುಪೀರಿಯೊರೆ'ಗೆ ಅತ್ಯುನ್ನತ ದರ್ಜೆ ದೊರೆಯಿತು. ಇದರೊಳಗೆ ಐದು ಉಪವಲಯಗಳಿವೆ. ಪಶ್ಚಿಮದಿಂದ ಪೂರ್ವಕ್ಕೆ ಹೇಳುವುದಾದರೆ ಮರೋಜಾ, ಸಾಸೆಲ್ಲಾ, ಗ್ರುಮೆಲ್ಲೊ, ಇನ್‌ಫೆರ್ನೊ, ವಾಲ್ಜೆಲ್ಲಾ. ಇನ್‌ಫೆರ್ನೊ ಎಂದರೆ ಇಟಾಲಿಯನ್ ಭಾಷೆಯಲ್ಲಿ ನರಕ. ಬೇಸಗೆಯಲ್ಲಿ ಆ ಬಂಡೆಗಳ ನಡುವೆ ನಿಂತು ದುಡಿದವರು ಇಟ್ಟ ಹೆಸರು ಎಂಬುದನ್ನು ವಿವರಿಸಬೇಕಾಗಿಲ್ಲ. ಐದೂ ಕಡೆ ಬೆಳೆಯುವುದು ಒಂದೇ ತಳಿ, ನೆಬ್ಬಿಯೋಲೊ. ವೈನಿನಲ್ಲಿ ಕನಿಷ್ಠ ಶೇಕಡ 90 ಅದೇ ಇರಬೇಕೆಂದು ನಿಯಮ. ಸ್ಥಳೀಯರು ಅದನ್ನು ಕಿಯಾವೆನ್ನಾಸ್ಕಾ ಎಂದು ಕರೆಯುತ್ತಾರೆ. ಪಿಯೆಮೊಂಟ್ ಪ್ರಾಂತದ ಹೆಸರುವಾಸಿ ಬರೋಲೊ ವೈನ್ ಕೂಡ ಇದೇ ತಳಿಯದು. ತಳಿ ಒಂದೇ, ಕಾಯಿದೆ ಒಂದೇ, ಮಾಗಿಸುವ ಅವಧಿಯೂ ಒಂದೇ: ಎರಡು ವರ್ಷ, ಅದರಲ್ಲಿ ಒಂದು ವರ್ಷವಾದರೂ ಮರದ ಪೀಪಾಯಿಯಲ್ಲಿ. ಆದರೂ ನೆರೆಹೊರೆಯ ಉಪವಲಯಗಳ ವೈನುಗಳು ಒಂದರಂತೆ ಇನ್ನೊಂದು ಇರುವುದಿಲ್ಲ.

ಮೊದಲು ದಿಕ್ಕಿನ ಮಾತು. ಆಲ್ಪ್ಸ್‌ನ ಇಟಲಿ ಪಕ್ಕದ ಹೆಚ್ಚಿನ ಕಣಿವೆಗಳು ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತವೆ. ಆದರೆ ವಾಲ್ಟೆಲ್ಲಿನಾ ಪೂರ್ವ-ಪಶ್ಚಿಮವಾಗಿ ಮಲಗಿದೆ. ಇದಕ್ಕೆ ಕಾರಣ ನೆಲದಡಿಯಲ್ಲಿದೆ. ಆಲ್ಪ್ಸ್ ಪರ್ವತಗಳನ್ನು ಸೀಳಿಕೊಂಡು ಹೋಗುವ ದೊಡ್ಡ ಬಿರುಕೊಂದು, ಭೂವಿಜ್ಞಾನಿಗಳ ಭಾಷೆಯಲ್ಲಿ 'ಇನ್ಸುಬ್ರಿಕ್ ರೇಖೆ', ಈ ಕಣಿವೆಯ ಉದ್ದಕ್ಕೂ ಸಾಗುತ್ತದೆ. ಬಿರುಕಿನ ಬಳಿ ಬಂಡೆ ಪುಡಿಯಾಗಿ ಸಡಿಲವಾಗಿರುತ್ತದೆ. ನೀರು ಅಲ್ಲೇ ದಾರಿ ಮಾಡಿಕೊಂಡಿತು. ಆಮೇಲೆ ಹಿಮಯುಗಗಳಲ್ಲಿ ಅಡ್ಡಾ ಹಿಮನದಿ ಅದನ್ನು ಅಗೆದು ಅಗಲಿಸಿತು. ಹೀಗಾಗಿ ಉತ್ತರದ ಇಡೀ ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿ ಬಿಸಿಲಿಗೆ ಮೈಯೊಡ್ಡಿ ನಿಂತಿದೆ. ಬೆನ್ನ ಹಿಂದಿನ ಎತ್ತರದ ಬೆಟ್ಟಗಳು ಉತ್ತರದ ಚಳಿಗಾಳಿಯನ್ನು ತಡೆಯುತ್ತವೆ. ಮಧ್ಯಾಹ್ನದ ಹೊತ್ತಿಗೆ ಕೋಮೊ ಸರೋವರದ ಕಡೆಯಿಂದ 'ಬ್ರೇವಾ' ಎಂಬ ಗಾಳಿ ಬೀಸಿ ಎಲೆಗಳ ಮೇಲಿನ ತೇವವನ್ನು ಒಣಗಿಸುತ್ತದೆ. ಬೂಷ್ಟು ರೋಗಕ್ಕೆ ಅವಕಾಶ ಕಡಿಮೆ.

ನಮ್ಮ ನಾಡಿನಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ಬರುವುದರಿಂದ, ಇಳಿಜಾರು ಯಾವ ಕಡೆಗೆ ಮುಖ ಮಾಡಿದೆ ಎಂಬುದಕ್ಕೆ ನಾವು ಅಷ್ಟು ಬೆಲೆ ಕೊಡುವುದಿಲ್ಲ. ಸೊಂಡ್ರಿಯೊ ಇರುವುದು 46 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ಪೆನ್ಸಿಲ್ ಇದ್ದರೆ ಒಂದು ಲೆಕ್ಕ ಮಾಡಿ. ಜೂನ್ ಕೊನೆಯ ನಡುಹಗಲಲ್ಲಿ ಸೂರ್ಯ ದಿಗಂತದಿಂದ ಸುಮಾರು 67 ಡಿಗ್ರಿ ಎತ್ತರದಲ್ಲಿರುತ್ತಾನೆ. ನೆಟ್ಟಗೆ ನಿಂತ, ದಕ್ಷಿಣಕ್ಕೆ ಮುಖ ಮಾಡಿದ ಒಂದು ಕಲ್ಲುಗೋಡೆಯ ಮೇಲೆ ಆ ಬಿಸಿಲು ಓರೆಯಾಗಿ ಜಾರುತ್ತದೆ. 67ರ ಕೊಸೈನ್ 0.39, ಅಂದರೆ ಕಿರಣದ ಬಲದಲ್ಲಿ ಶೇಕಡ 39 ಮಾತ್ರ ಗೋಡೆಗೆ ದಕ್ಕುತ್ತದೆ. ಅಕ್ಟೋಬರ್ ನಡುವಿಗೆ ಸೂರ್ಯ 35 ಡಿಗ್ರಿಗೆ ಇಳಿದಿರುತ್ತಾನೆ. 35ರ ಕೊಸೈನ್ 0.82. ಶರತ್ಕಾಲದ ಬಿಸಿಲು ದುರ್ಬಲವೆಂದು ಸ್ವಲ್ಪ ಕಳೆದರೂ, ನಡುಹಗಲಲ್ಲಿ ಗೋಡೆಗೆ ಜೂನ್‌ಗಿಂತ ಅಕ್ಟೋಬರಿನಲ್ಲೇ ಹೆಚ್ಚು ಬಿಸಿಲು ಸಿಗುತ್ತದೆ! ನೆಬ್ಬಿಯೋಲೊ ತೀರ ತಡವಾಗಿ ಹಣ್ಣಾಗುವ ತಳಿ. ಅದರ ಕೊಯ್ಲು ನಡೆಯುವುದು ಅಕ್ಟೋಬರಿನಲ್ಲೇ. ಬಳ್ಳಿಗೆ ಶಾಖ ಬೇಕಾದ ಕಾಲಕ್ಕೆ ಸರಿಯಾಗಿ ಗೋಡೆ ಕಾಯುತ್ತದೆ. ಹಗಲೆಲ್ಲ ಬಿಸಿಲುಂಡ ಮನೆಯ ಕಲ್ಲುಜಗಲಿ ಸಂಜೆ ಕುಳಿತಾಗ ಬೆಚ್ಚಗಿರುವುದನ್ನು ನೀವು ಬಲ್ಲಿರಿ. ಅಲ್ಲಿಯೂ ಅಷ್ಟೆ. ಸೂರ್ಯ ಮುಳುಗಿದ ಮೇಲೂ ಕಲ್ಲು ತನ್ನ ಶಾಖವನ್ನು ಗೊಂಚಲುಗಳಿಗೆ ಬಿಟ್ಟುಕೊಡುತ್ತದೆ.

ಇನ್ನು ಎತ್ತರ. ತೋಟಗಳು ಸಮುದ್ರಮಟ್ಟದಿಂದ ಸುಮಾರು 300 ಮೀಟರಿನಿಂದ ಹಿಡಿದು 700 ಮೀಟರಿನ ಆಸುಪಾಸಿನವರೆಗೆ ಏರುತ್ತವೆ. ನೂರು ಮೀಟರ್ ಏರಿದರೆ ಉಷ್ಣತೆ ಸರಾಸರಿ 0.6 ಡಿಗ್ರಿ ಇಳಿಯುತ್ತದೆಂದು ನೀವು ಪಾಠದಲ್ಲಿ ಓದಿದ್ದೀರಿ. ಅಂದರೆ ಬುಡದ ಸಾಲಿಗೂ ತುದಿಯ ಸಾಲಿಗೂ ಎರಡೂವರೆ ಡಿಗ್ರಿಯ ಸಮೀಪ ಅಂತರ. ಇದು ಚಿಕ್ಕ ಸಂಖ್ಯೆಯಂತೆ ಕಂಡರೂ ಬಳ್ಳಿಯ ಪಾಲಿಗೆ ಚಿಕ್ಕದಲ್ಲ. ದ್ರಾಕ್ಷಿ ಕಾಯಿಯಲ್ಲಿರುವ ಮ್ಯಾಲಿಕ್ ಆಮ್ಲ ಬೆಚ್ಚಗಿನ ರಾತ್ರಿಗಳಲ್ಲಿ ಬೇಗ ಕರಗಿಹೋಗುತ್ತದೆ, ತಂಪಿನಲ್ಲಿ ಉಳಿಯುತ್ತದೆ. ಆದ್ದರಿಂದ ಮೇಲಿನ ತೋಟದ ವೈನಿನಲ್ಲಿ ಹುಳಿ ಹೆಚ್ಚು, ಪರಿಮಳ ಸೂಕ್ಷ್ಮ, ಮೈ ತೆಳು. ನಡುಮಟ್ಟದ ವೈನಿನಲ್ಲಿ ಹುಳಿ, ಒಗರು, ಸಿಹಿಯಿಂದ ಹುಟ್ಟಿದ ಮದ್ಯಸಾರ ಇವು ಮೂರೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ.

ಹಾಗಾದರೆ ಎಲ್ಲಕ್ಕಿಂತ ಕೆಳಗಿನ ತೋಟವೇ ಎಲ್ಲಕ್ಕಿಂತ ಬೆಚ್ಚಗಿರಬೇಕಲ್ಲವೆ? ಪಾಠದ ಸೂತ್ರ ಇಲ್ಲಿ ಕೈಕೊಡುತ್ತದೆ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಗುಂಟ ಜಾರಿ ಕಣಿವೆಯ ತಳದಲ್ಲಿ ಮಡುಗಟ್ಟುತ್ತದೆ. ವಸಂತದಲ್ಲಿ ಹಿಮ ಬಿದ್ದು ಚಿಗುರು ಸುಡುವುದು ತಳದಲ್ಲೇ. ಮಂಜು ನಿಲ್ಲುವುದೂ ಅಲ್ಲೇ. ಹಾಗಾಗಿ ತಳವನ್ನು ಹುಲ್ಲುಗಾವಲಿಗೂ ಸೇಬಿನ ತೋಟಕ್ಕೂ ಬಿಟ್ಟು, ಬಳ್ಳಿಯನ್ನು ಅದರ ಮೇಲಿನ ಬೆಚ್ಚನೆಯ ಪಟ್ಟಿಯಲ್ಲಿ ನೆಟ್ಟರು. ಹವಾಮಾನಶಾಸ್ತ್ರ ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ರೈತರು ಇದನ್ನು ಕಂಡುಕೊಂಡಿದ್ದರು.

ಮಣ್ಣಿನ ವಿಚಾರಕ್ಕೆ ಬರೋಣ. ಇಲ್ಲಿನ ಬೆಟ್ಟ ಬಹುಪಾಲು ನೈಸ್, ಗ್ರಾನೈಟ್ ಮತ್ತು ಪದರಶಿಲೆಗಳಿಂದಾದದ್ದು. ನೈಸ್ ಎಂದರೇನೆಂದು ನೋಡಬೇಕಾದರೆ ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನು ಹತ್ತಿ. ವಯಸ್ಸಿನಲ್ಲಿ ಆಲ್ಪ್ಸ್‌ನದಕ್ಕಿಂತ ಅದು ಎಷ್ಟೋ ಹಿರಿದು, ಜಾತಿಯಲ್ಲಿ ಒಂದೇ. ಇಂಥ ಶಿಲೆ ಸವೆದರೆ ಮರಳುಮರಳಾದ, ಆಮ್ಲೀಯವಾದ, ಸುಣ್ಣದ ಅಂಶವಿಲ್ಲದ ಮಣ್ಣಾಗುತ್ತದೆ. ಜೇಡಿ ಕಡಿಮೆ, ನೀರು ನಿಲ್ಲದೆ ಬಸಿದುಹೋಗುತ್ತದೆ. ಬರೋಲೊ ಪ್ರದೇಶದ ಮಣ್ಣು ಇದಕ್ಕೆ ತದ್ವಿರುದ್ಧ: ಹಳೆಯ ಸಮುದ್ರತಳದ ಸುಣ್ಣಭರಿತ ಜೇಡಿ. ಅಲ್ಲಿನ ನೆಬ್ಬಿಯೋಲೊ ಗಟ್ಟಿ ಒಗರಿನ, ಭಾರವಾದ ವೈನ್ ಕೊಟ್ಟರೆ ವಾಲ್ಟೆಲ್ಲಿನಾದ ನೆಬ್ಬಿಯೋಲೊ ತಿಳಿಬಣ್ಣದ, ಹಗುರ ಮೈಯ, ಚುರುಕು ಹುಳಿಯ ವೈನ್ ಕೊಡುತ್ತದೆ.

ಇಲ್ಲೊಂದು ಎಚ್ಚರಿಕೆ. ಕಲ್ಲಿನ ರುಚಿಯೇ ಬೇರಿನ ಮೂಲಕ ಏರಿ ವೈನಿಗೆ ಬರುತ್ತದೆಂದು ಮಾರುವವರು ಹೇಳುವುದುಂಟು. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನಾನು ಈ ಮಾತನ್ನು ಒಪ್ಪಲಾರೆ. ಬಳ್ಳಿ ಹೀರುವುದು ನೀರನ್ನು, ಅದರಲ್ಲಿ ಕರಗಿದ ಅಯಾನುಗಳನ್ನು. ನೈಸ್ ಶಿಲೆಗೆ ಬಾಯಿಗೆ ಸಿಗುವಂಥ ರುಚಿಯೂ ಇಲ್ಲ. ಮಣ್ಣು ತನ್ನ ಕೆಲಸ ಮಾಡುವುದು ಬೇರೆ ದಾರಿಯಲ್ಲಿ. ತೆಳುಮಣ್ಣಿನಲ್ಲಿ ನೀರೂ ಸಾರಜನಕವೂ ಕಡಿಮೆಯಾದಾಗ ಬಳ್ಳಿ ಸೊಕ್ಕಿ ಬೆಳೆಯುವುದಿಲ್ಲ, ಕಾಯಿ ಚಿಕ್ಕದಾಗುತ್ತದೆ. ಕಾಯಿ ಚಿಕ್ಕದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ಬಣ್ಣ, ಒಗರು, ಪರಿಮಳಗಳು ಬಹುಮಟ್ಟಿಗೆ ಇರುವುದು ಸಿಪ್ಪೆಯಲ್ಲಿ.

ಆದರೆ 'ಇಲ್ಲಿನ ಮಣ್ಣು' ಎಂದು ಇಷ್ಟು ಸಲೀಸಾಗಿ ಹೇಳುತ್ತಿದ್ದೇನಲ್ಲ, ಆ ಮಣ್ಣು ಅಲ್ಲಿ ತಾನಾಗಿ ಇದ್ದದ್ದಲ್ಲ. ಬರಿಯ ಬಂಡೆಯ ಇಳಿಜಾರಿನಲ್ಲಿ ಮಣ್ಣು ನಿಲ್ಲುವುದಾದರೂ ಹೇಗೆ? ಜನ ಮೊದಲು ಬಂಡೆ ಒಡೆದರು. ಒಡೆದ ಕಲ್ಲಿನಿಂದ ಗಾರೆಯಿಲ್ಲದ ಗೋಡೆ ಕಟ್ಟಿದರು. ಗೋಡೆಯ ಹಿಂದಿನ ಸಂದಿಗೆ ಕೆಳಗೆ ಜಲ್ಲಿ, ಮೇಲೆ ಮಣ್ಣು ತುಂಬಿದರು. ಆ ಮಣ್ಣನ್ನು ಕಣಿವೆಯ ತಳದಿಂದ, ಹಿಮನದಿ ಬಿಟ್ಟುಹೋದ ದಿಬ್ಬಗಳಿಂದ, ಬೆನ್ನಿಗೆ ಕಟ್ಟಿದ ಬುಟ್ಟಿಯಲ್ಲಿ ಹೊತ್ತು ತಂದರು. ಬುಟ್ಟಿಯ ಹೆಸರು 'ಜೆರ್ಲೊ'. ಗಂಡಸರೂ ಹೆಂಗಸರೂ ಹೊತ್ತರು. ಮಳೆಗೆ ಕೊಚ್ಚಿ ಕೆಳಗಿನ ಮೆಟ್ಟಿಲಿಗೆ ಬಿದ್ದ ಮಣ್ಣನ್ನು ಮತ್ತೆ ಮೇಲಿನ ಮೆಟ್ಟಿಲಿಗೆ ಹೊರುವುದು ಮುಗಿಯದ ಕೆಲಸ. ಇಂಥ ಗೋಡೆಗಳನ್ನು ಒಂದರ ತುದಿಗೆ ಇನ್ನೊಂದನ್ನು ಜೋಡಿಸಿದರೆ ಒಟ್ಟು ಉದ್ದ ಸುಮಾರು 2,500 ಕಿಲೋಮೀಟರ್ ಎಂದು ಲೆಕ್ಕ ಹಾಕಿದ್ದಾರೆ. ನಮ್ಮ ವೃತ್ತಿಯವರಿಗೆ ಒಂದು ಕಷ್ಟ ಗೊತ್ತು: ಕ್ಯಾಮೆರಾ ಯಾವ ಇಳಿಜಾರನ್ನೂ ಚಪ್ಪಟೆ ಮಾಡಿ ತೋರಿಸುತ್ತದೆ. ಪರದೆಯ ಮೇಲೆ ಈ ತೋಟಗಳು ಸುಂದರವಾದ ಪಟ್ಟೆಗಳಂತೆ ಕಾಣುತ್ತವೆ. ಬೆನ್ನ ಮೇಲಿನ ಹೊರೆ ಕಾಣುವುದಿಲ್ಲ.

ಇಷ್ಟೆಲ್ಲ ಶ್ರಮವನ್ನು ಯಾರು, ಏಕೆ ಸುರಿದರು? ಮಧ್ಯಯುಗದಲ್ಲಿ ಇಲ್ಲಿನ ಭೂಮಿ ಬಹುಮಟ್ಟಿಗೆ ಮಠಗಳ, ಚರ್ಚುಗಳ, ಶ್ರೀಮಂತ ಮನೆತನಗಳ ಕೈಯಲ್ಲಿತ್ತು. ಉಳುವವರಿಗೆ ಅದು 'ಲಿವೆಲ್ಲೊ' ಎಂಬ ಒಪ್ಪಂದದ ಮೇಲೆ ಸಿಗುತ್ತಿತ್ತು. ನಮ್ಮ ಕರಾವಳಿಯ ಓದುಗರಿಗೆ 'ಮೂಲಗೇಣಿ' ಎಂದರೆ ತಟ್ಟನೆ ಅರ್ಥವಾದೀತು. ಗೇಣಿ ನಿಶ್ಚಿತ, ಅದನ್ನು ವೈನು, ಧಾನ್ಯಗಳ ರೂಪದಲ್ಲಿ ವರ್ಷವರ್ಷವೂ ಸಲ್ಲಿಸಬೇಕು. ಹಕ್ಕು ತಂದೆಯಿಂದ ಮಕ್ಕಳಿಗೆ ಇಳಿಯುತ್ತದೆ. ಗೇಣಿ ಏರದಿದ್ದರೆ ಹೆಚ್ಚಿದ ಇಳುವರಿಯೆಲ್ಲ ಉಳುವವನದೇ. ಬಂಡೆಯ ಮೇಲೆ ಇನ್ನೊಂದು ಮೆಟ್ಟಿಲು ಕಟ್ಟಲು ಇದಕ್ಕಿಂತ ದೊಡ್ಡ ಪ್ರೇರಣೆ ಬೇಕೆ? ಆದರೆ ಅದೇ ಒಪ್ಪಂದದ ಇನ್ನೊಂದು ಮುಖವೂ ಉಂಟು. ತಲೆಮಾರಿನಿಂದ ತಲೆಮಾರಿಗೆ ಪಾಲಾಗಿ, ತೋಟಗಳು ಕರವಸ್ತ್ರದಷ್ಟು ಚಿಕ್ಕ ಚೂರುಗಳಾದವು. ಅದರ ಫಲವನ್ನು ಕಣಿವೆ ಇಂದಿಗೂ ಉಣ್ಣುತ್ತಿದೆ.

ಎರಡನೆಯ ಕಾರಣ ಮಾರುಕಟ್ಟೆ. ಇಲ್ಲಿ ಗಟ್ಟಿಯಾದ ವೈನ್ ಯಥೇಚ್ಛವಾಗಿ ಆಗುತ್ತದೆಂದು ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಗುರುತಿಸಿದ್ದಾನೆ. 1512ರಲ್ಲಿ ಕಣಿವೆ ಗ್ರಿಸನ್ ಒಕ್ಕೂಟದ ವಶವಾಯಿತು. ಇಂದು ಸ್ವಿಟ್ಜರ್ಲೆಂಡಿನ ಒಂದು ಪ್ರಾಂತವಾಗಿರುವ ಗ್ರಿಸನ್ ಆಗ ಮೂರು ಪರ್ವತ ಒಕ್ಕೂಟಗಳ ಸ್ವತಂತ್ರ ರಾಜ್ಯ. ಅದರ ತಣ್ಣನೆಯ ಬೆಟ್ಟಗಳಲ್ಲಿ ದ್ರಾಕ್ಷಿ ಬೆಳೆಯುವ ನೆಲ ತೀರ ಕಡಿಮೆ. ಹೀಗಾಗಿ ವಾಲ್ಟೆಲ್ಲಿನಾದ ವೈನ್ ಹೇಸರಗತ್ತೆ, ಕುದುರೆಗಳ ಬೆನ್ನೇರಿ, 2,300 ಮೀಟರಿಗೂ ಎತ್ತರದ ಬರ್ನಿನಾ ಕಣಿವೆದಾರಿ ದಾಟಿ ಉತ್ತರಕ್ಕೆ ಹೋಗತೊಡಗಿತು. ಆಳ್ವಿಕೆ ಸುಖದ್ದೇನೂ ಆಗಿರಲಿಲ್ಲ. 1526ರಲ್ಲಿ ಒಡೆಯರು ಕಣಿವೆಯ ಕೋಟೆಗಳನ್ನು ಕೆಡವಿದರು. 1620ರಲ್ಲಿ ಕಣಿವೆಯ ಕ್ಯಾಥೊಲಿಕರು ದಂಗೆಯೆದ್ದು ನೂರಾರು ಪ್ರಾಟೆಸ್ಟಂಟರನ್ನು ಕೊಂದರು. ಆಮೇಲೆ ಸ್ಪೇನ್, ಫ್ರಾನ್ಸ್‌ಗಳ ಸೈನ್ಯಗಳೂ ಬಂದವು. ಆದರೂ ವೈನ್ ಗುಡ್ಡ ದಾಟುವುದು ನಿಲ್ಲಲಿಲ್ಲ. 1797ರಲ್ಲಿ ನೆಪೋಲಿಯನ್ ಕಣಿವೆಯನ್ನು ಗ್ರಿಸನ್‌ನಿಂದ ಬಿಡಿಸಿ ಇಟಲಿಯ ಕಡೆಗೆ ಸೇರಿಸಿದ. 1815ರ ವಿಯೆನ್ನಾ ಸಮ್ಮೇಳನದ ನಂತರ ಅದು ಆಸ್ಟ್ರಿಯಾದ ಲೊಂಬಾರ್ಡಿಯ ಭಾಗವಾಯಿತು. ಹಳೆಯ ಗಿರಾಕಿ ಈಗ ಪರದೇಶದವನಾದ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬೂದಿರೋಗ ಬಳ್ಳಿಗಳನ್ನು ಹಿಡಿಯಿತು. ಅರ್ಥಶಾಸ್ತ್ರಜ್ಞ ಸ್ತೆಫಾನೊ ಯಾಚಿನಿ 1858ರಲ್ಲಿ ಸೊಂಡ್ರಿಯೊ ಪ್ರಾಂತದ ಆರ್ಥಿಕ ಸ್ಥಿತಿಯ ಬಗ್ಗೆ ಬರೆದ ವರದಿ ಈ ದುರವಸ್ಥೆಯನ್ನು ಆಳುವವರ ಮುಂದಿಟ್ಟಿತು. ಎಷ್ಟೋ ಮಂದಿ ಊರು ಬಿಟ್ಟು ಆಸ್ಟ್ರೇಲಿಯಾದವರೆಗೆ ಹೋದರು.

ಈಗ ಐದು ಉಪವಲಯಗಳಿಗೆ ಮರಳಿದರೆ ಅವುಗಳ ಭೇದ ಸುಲಭವಾಗಿ ತಿಳಿಯುತ್ತದೆ. ಸಾಸೆಲ್ಲಾ ಎಂಬ ಹೆಸರಿನಲ್ಲೇ ಬಂಡೆ ಇದೆ. 'ಸಾಸ್ಸೊ' ಎಂದರೆ ಕಲ್ಲು. ಸೊಂಡ್ರಿಯೊದ ಪಶ್ಚಿಮಕ್ಕೆ, ಬಂಡೆಗೆ ಅಂಟಿಕೊಂಡಂತಿರುವ ಮಾತೆ ಮರಿಯಳ ಚರ್ಚಿನ ಸುತ್ತ ಈ ತೋಟಗಳಿವೆ. ಮಣ್ಣು ತೀರ ತೆಳು, ಇಳಿಜಾರು ಕಡಿದು. ವೈನ್ ಬಿಗಿಯಾಗಿದ್ದು ನಿಧಾನವಾಗಿ ಪಕ್ವವಾಗುತ್ತದೆ. ಗ್ರುಮೆಲ್ಲೊದಲ್ಲಿ ಮಣ್ಣು ಸ್ವಲ್ಪ ಆಳ, ಆದ್ದರಿಂದ ವೈನ್ ಮೃದು, ಬೇಗ ಹದಕ್ಕೆ ಬರುತ್ತದೆ. 1526ರಲ್ಲಿ ಕೆಡವಿದ ಕೋಟೆಗಳಲ್ಲಿ ಒಂದಾದ ಗ್ರುಮೆಲ್ಲೊ ಕೋಟೆಯ ಅವಶೇಷ ಇಂದಿಗೂ ಅಲ್ಲಿ ನಿಂತಿದೆ. ಇನ್‌ಫೆರ್ನೊದ ಮೆಟ್ಟಿಲುಗಳು ಬಲು ಕಿರಿದು. ಮಣ್ಣಿಗಿಂತ ಕಲ್ಲೇ ಹೆಚ್ಚು ಕಾಣುತ್ತದೆ. ಅಲ್ಲಿ ಶಾಖ ತುಂಬಿ ಹಣ್ಣು ಪೂರ್ತಿ ಮಾಗುತ್ತದೆ, ವೈನ್ ಗಡುಸಾಗುತ್ತದೆ. ಪೂರ್ವದ ವಾಲ್ಜೆಲ್ಲಾ ಐದರಲ್ಲಿ ದೊಡ್ಡದು. ಬೆಟ್ಟದಿಂದಿಳಿಯುವ ಸಣ್ಣ ಹಳ್ಳಗಳು ಅದನ್ನು ಅಲ್ಲಲ್ಲಿ ಸೀಳಿವೆ. ತಂಪು ಹೆಚ್ಚು, ವೈನಿನಲ್ಲಿ ಹೂವಿನ ಪರಿಮಳ ಮೇಲು. ಮರೋಜಾ ಅತಿ ಚಿಕ್ಕದು, ಅದರ ವೈನ್ ಹೊರಗೆ ಸಿಗುವುದು ಅಪರೂಪ. ಗೊಂಚಲುಗಳನ್ನು ಸುಮಾರು ಮೂರು ತಿಂಗಳು ಒಣಗಿಸಿ ಮಾಡುವ 'ಸ್ಫೋರ್ಜಾತೊ' ಎಂಬ ಇನ್ನೊಂದು ಬಗೆಯೂ ಕಣಿವೆಯಲ್ಲಿದೆ. ಅಲ್ಲಿ ಮಣ್ಣಿಗಿಂತ ವಿಧಾನದ ಮಾತೇ ದೊಡ್ಡದಾದ್ದರಿಂದ ಬಿಟ್ಟುಬಿಡೋಣ.

ಇನ್ನೊಂದು ಕುತೂಹಲ. ನೆಬ್ಬಿಯೋಲೊ ಹುಟ್ಟಿದ್ದು ಪಿಯೆಮೊಂಟಿನಲ್ಲೆಂದೇ ಬಹುಕಾಲ ನಂಬಿದ್ದರು. ಡಿಎನ್‌ಎ ಪರೀಕ್ಷೆಗಳು ಈ ತಳಿಗೂ ವಾಲ್ಟೆಲ್ಲಿನಾದ ರೊಸ್ಸೊಲಾ ಎಂಬ ಹಳೆಯ ತಳಿಗೂ ಹತ್ತಿರದ ರಕ್ತಸಂಬಂಧವಿದೆಯೆಂದು ತೋರಿಸಿದ ಮೇಲೆ, ಜನ್ಮಸ್ಥಳದ ಪ್ರಶ್ನೆ ಮತ್ತೆ ತೆರೆದುಕೊಂಡಿದೆ.

ಹಲವು ಸಾವಿರ ಹೆಕ್ಟೇರುಗಳಷ್ಟಿದ್ದ ತೋಟ ಇಂದು ಸುಮಾರು 800ರಿಂದ 900 ಹೆಕ್ಟೇರಿಗೆ ಇಳಿದಿದೆ. ಕಾರಣ ಲೆಕ್ಕದಲ್ಲೇ ಇದೆ. ಇಲ್ಲಿ ಒಂದು ಹೆಕ್ಟೇರಿಗೆ ವರ್ಷಕ್ಕೆ ಸಾವಿರ ಗಂಟೆಗೂ ಮಿಕ್ಕ ಕೈಕೆಲಸ ಬೇಕು. ಟ್ರ್ಯಾಕ್ಟರ್ ಓಡುವ ಬಯಲಿನಲ್ಲಿ ಅದರ ಒಂದು ಪಾಲು ಸಾಕು. ಎರಡನೆಯ ಮಹಾಯುದ್ಧದ ನಂತರ ಮಕ್ಕಳು ಕಾರ್ಖಾನೆ, ಕಚೇರಿಗಳಿಗೆ ಇಳಿದುಹೋದರು. ಎಲ್ಲಕ್ಕಿಂತ ಮೊದಲು ಕೈಬಿಟ್ಟದ್ದು ತೀರ ಮೇಲಿನ ಮೆಟ್ಟಿಲುಗಳನ್ನು. ಅಲ್ಲಿಗೆ ಹತ್ತುವುದು ಕಷ್ಟ, ಹಣ್ಣೂ ಸರಿಯಾಗಿ ಮಾಗುತ್ತಿರಲಿಲ್ಲ.

ಬಿಟ್ಟ ಗೋಡೆ ಸುಮ್ಮನೆ ಇರುವುದಿಲ್ಲ. ಗಾರೆ ಇಲ್ಲದ್ದರಿಂದಲೇ ಈ ಗೋಡೆಯ ಸಂದುಗಳಲ್ಲಿ ಮಳೆನೀರು ಹೊರಗೆ ಸೋರಿಹೋಗುತ್ತದೆ. ಸಂದುಗಳಲ್ಲಿ ಬೇರಿಳಿದು ಮಣ್ಣು ಕಟ್ಟಿಕೊಂಡರೆ ನೀರು ಹಿಂದೆಯೇ ನಿಂತು ಒತ್ತುತ್ತದೆ; ಗೋಡೆ ಹೊಟ್ಟೆ ಬಿಟ್ಟುಕೊಂಡು ಒಂದು ದಿನ ಕುಸಿಯುತ್ತದೆ. ಇಳಿಜಾರಿನ ಮೇಲೆ ಮನುಷ್ಯ ಹೊತ್ತಿಟ್ಟ ಮಣ್ಣು ಎಷ್ಟು ಭಾರದ್ದೆಂದು 1983ರ ಮೇ ತಿಂಗಳು ತೋರಿಸಿತು. ದಿನಗಟ್ಟಲೆ ಸುರಿದ ಮಳೆಯಲ್ಲಿ, ವಾಲ್ಜೆಲ್ಲಾ ಸೀಮೆಯ ತೇಲ್ಯೊ ಬಳಿ, ಟ್ರೆಸೆಂಡಾ ಎಂಬ ಊರಿನ ಮೇಲಿನ ದ್ರಾಕ್ಷಿ ಮೆಟ್ಟಿಲುಗಳು ಜಾರಿಬಂದವು. ಹತ್ತಕ್ಕೂ ಹೆಚ್ಚು ಜನ ಸತ್ತರು. ಅಂದಿನಿಂದ ಈ ಗೋಡೆಗಳ ಪ್ರಶ್ನೆ ವೈನ್ ಬೆಳೆಗಾರರದಷ್ಟೇ ಆಗಿ ಉಳಿದಿಲ್ಲ. ಕೆಳಗಿನ ಊರಿನಲ್ಲಿ ಮಲಗುವ ಪ್ರತಿಯೊಬ್ಬರ ಪ್ರಶ್ನೆಯೂ ಆಗಿದೆ. 2018ರಲ್ಲಿ ಯುನೆಸ್ಕೊ ಗಾರೆಯಿಲ್ಲದೆ ಕಲ್ಲು ಕಟ್ಟುವ ಕಲೆಯನ್ನು ಇಟಲಿ ಸೇರಿದಂತೆ ಎಂಟು ಯುರೋಪಿಯನ್ ದೇಶಗಳ ಪರವಾಗಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವ ಒಳ್ಳೆಯದೇ. ಆದರೆ ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಕಲ್ಲು ಕಟ್ಟುವ ಕೈಗಳು ಹೆಚ್ಚುವುದಿಲ್ಲ.

ಈಚಿನ ದಶಕಗಳಲ್ಲಿ ಆಲ್ಪ್ಸ್ ಬಿಸಿಯಾಗುತ್ತಿದೆ. ಮೇಲೆ ಮಾಡಿದ ಲೆಕ್ಕವನ್ನೇ ತಿರುಗಿಸಿ ನೋಡಿ: ಹವೆ ಒಂದು ಡಿಗ್ರಿ ಏರಿದರೆ ಬಳ್ಳಿಗೆ ಹಿತವಾದ ಪಟ್ಟಿ ಸುಮಾರು 170 ಮೀಟರಿನಷ್ಟು ಮೇಲೆ ಸರಿಯಬೇಕು. ಇನ್‌ಫೆರ್ನೊದಂಥ ಕಡೆ ಈಗ ಚಿಂತೆ ಹಣ್ಣು ಮಾಗದೆಂಬುದಲ್ಲ, ಹುಳಿ ಉಳಿಯದೆ ಸಿಹಿ ತುಂಬಿಬಿಡುತ್ತದೆಂಬುದು. ಯಾವ ಮೆಟ್ಟಿಲುಗಳು ತಣ್ಣಗಿವೆಯೆಂದು ಐವತ್ತು ಅರವತ್ತು ವರ್ಷಗಳ ಹಿಂದೆ ಬಿಟ್ಟರೋ ಅವೇ ಈಗ ಬೇಕಾಗಿವೆ. ಕೆಲವು ಬೆಳೆಗಾರರು ಹುಡುಕಿಕೊಂಡು ಮೇಲೆ ಹತ್ತಿದ್ದಾರೆ. ಅಲ್ಲಿ ಈಗ ಕಾಡುಮರಗಳು ನಿಂತಿವೆ, ಅವುಗಳ ಬುಡದಲ್ಲಿ ಅರ್ಧ ಬಿದ್ದ ಗೋಡೆಗಳಿವೆ. ಮರ ಕಡಿಯಬಹುದು. ಕಲ್ಲುಗಳು ಬಿದ್ದಲ್ಲೇ ಇವೆ, ಎತ್ತಿ ಕಟ್ಟಬಹುದು. ಕೊಯ್ದ ಹಣ್ಣನ್ನು ಕೆಳಗಿಳಿಸಲು ಕೆಲವು ಕಡೆ ಹೆಲಿಕಾಪ್ಟರನ್ನೂ ಬಳಸುತ್ತಾರೆ. ಕೊಚ್ಚಿಹೋದ ಮಣ್ಣನ್ನು ಮಾತ್ರ ಕೆಳಗಿನಿಂದ ಮತ್ತೆ ಮೇಲೆ ತರಬೇಕಾಗಿದೆ.